ಕೋವಿ ನಿಮ್ಮದು, ಹಕ್ಕು ಯಾರದು?

ಒಂದು ಪಿಸ್ತೂಲಿದೆ. ಅದರ ಹೆಸರೇ ಒಂದು ಇಸವಿ: 1911. ಆ ವರ್ಷದ ಮಾರ್ಚ್ 29ರಂದು ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡಿತು, ಹಾಗಾಗಿ ಆ ಹೆಸರು. ವಿನ್ಯಾಸ ಮಾಡಿದವನು ಜಾನ್ ಮೋಸೆಸ್ ಬ್ರೌನಿಂಗ್. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲವನ್ನೂ ಕಂಡು 1985ರವರೆಗೂ ಅದು ಅಲ್ಲಿನ ಸೈನಿಕರ ಸೊಂಟದಲ್ಲಿತ್ತು. ಈಗ ಅದು ಹವ್ಯಾಸಿಗಳ ಅಚ್ಚುಮೆಚ್ಚು. ನಮ್ಮ ಹುಡುಗರು ಹಳೇ ಬುಲೆಟ್ ಬೈಕ್ ತಗೊಂಡು ಹ್ಯಾಂಡಲ್ ಬದಲಿಸ್ತಾರೆ, ಸೀಟು ಹೊಲಿಸ್ತಾರೆ, ಟ್ಯಾಂಕಿಗೆ ಬಣ್ಣ ಹೊಡೆಸ್ತಾರಲ್ಲ, ಅಲ್ಲಿನವರು ಈ ಪಿಸ್ತೂಲಿಗೆ ಅದೇ ಮಾಡ್ತಾರೆ. ಹಿಡಿಗೆ ಒಳ್ಳೇ ಮರ, ಗುರಿ ನೋಡೋಕೆ ಹೊಸ ಗುರಿಕಡ್ಡಿ, ಹಗುರವಾದ ಕುದುರೆ, ಉಕ್ಕಿನ ಮೇಲೆ ಕೆತ್ತನೆ. ಇದನ್ನೇ ಕಸುಬು ಮಾಡಿಕೊಂಡ ಕುಶಲಕರ್ಮಿಗಳೇ ಅಲ್ಲಿದ್ದಾರೆ.

ಈ ವಿಡಿಯೊಗಳನ್ನು ಮಂಗಳೂರಿನ ಹುಡುಗರೂ ನೋಡ್ತಾರೆ. ನೋಡಿ ನಮ್ಮಂಥವರನ್ನು ಕೇಳ್ತಾರೆ: "ಸರ್, ಇದನ್ನ ನಾವು ತಗೊಳ್ಬಹುದಾ?" ಉತ್ತರ ಒಂದೇ ಶಬ್ದ: ಇಲ್ಲ. ಆದ್ರೆ ಯಾಕೆ ಇಲ್ಲ ಅನ್ನೋದಕ್ಕೆ ಉತ್ತರ ಹೇಳಬೇಕಾದ್ರೆ ಸುಳ್ಯಕ್ಕೆ ಹೋಗಬೇಕು, ಹಲಗಲಿಗೆ ಹೋಗಬೇಕು, ಮಡಿಕೇರಿಗೆ ಹೋಗಬೇಕು, ಕೊನೆಗೆ ದೆಹಲಿಯ ಸಂವಿಧಾನ ಸಭೆಯಲ್ಲಿ ಎದ್ದು ನಿಂತ ಒಬ್ಬ ಮಂಗಳೂರಿಗನ ಹತ್ತಿರ ಬರಬೇಕು.

ಮೊದಲು ಯಂತ್ರದ ವಿಷಯ ಮುಗಿಸಿಬಿಡೋಣ. ಎಂಜಿನಿಯರಿಂಗ್ ಓದಿದವನಿಗೆ ಅಷ್ಟು ಚಪಲ ಇರುತ್ತೆ. ಈ ಪಿಸ್ತೂಲಿನ ಗುಂಡು ಪಾಯಿಂಟ್ 45, ಅಂದ್ರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್ ದಪ್ಪ, ಸುಮಾರು 15 ಗ್ರಾಂ ತೂಕ. ಸೆಕೆಂಡಿಗೆ ಸುಮಾರು 250 ಮೀಟರ್ ವೇಗದಲ್ಲಿ ಹೊರಡುತ್ತೆ. ಗುಂಡು ಮುಂದೆ ಹೋದಷ್ಟೇ ಸಂವೇಗದಲ್ಲಿ ಪಿಸ್ತೂಲು ಹಿಂದೆ ಬರಬೇಕು, ಅದು ನ್ಯೂಟನ್‌ನ ಮೂರನೇ ನಿಯಮ, ಪಿಯುಸಿ ಪಾಠ. ಪಿಸ್ತೂಲು ಪೂರ್ತಿ ಉಕ್ಕಿನದು, ತೂಕ 1.1 ಕಿಲೋ. ಹಾಗಾಗಿ ಅದು ಹಿಂದಕ್ಕೆ ಒದೆಯುವ ವೇಗ ಸೆಕೆಂಡಿಗೆ ಮೂರೂವರೆ ಮೀಟರ್ ಆಸುಪಾಸು. ಅದೇ ಗುಂಡನ್ನು ಅರ್ಧ ಕಿಲೋ ತೂಕದ ಪಿಸ್ತೂಲಿನಿಂದ ಹಾರಿಸಿದರೆ ಒದೆತದ ವೇಗ ಎರಡು ಪಟ್ಟಿಗಿಂತ ಜಾಸ್ತಿ. ಉಕ್ಕಿನ ಚೌಕಟ್ಟು ಶೋಕಿಗಲ್ಲ, ಕೈ ಅಲುಗದಿರಲಿ ಅಂತ. ನೂರು ವರ್ಷ ದಾಟಿದರೂ ಆ ವಿನ್ಯಾಸ ಬದುಕಿರೋದಕ್ಕೆ ಇದೂ ಒಂದು ಕಾರಣ.

ಈಗ ನಮ್ಮ ಕಾನೂನು ನೋಡಿ. ಶಸ್ತ್ರಾಸ್ತ್ರ ನಿಯಮಗಳಲ್ಲಿ 'ನಿಷೇಧಿತ ಬೋರ್' ಅಂತ ಒಂದು ಪಟ್ಟಿ ಉಂಟು. ಸೇನೆಯ 9 ಎಂಎಂ, ಪಾಯಿಂಟ್ 45, ಪಾಯಿಂಟ್ 380, ಪಾಯಿಂಟ್ 455 ಗುಂಡು ಹಾಕಬಹುದಾದ ಯಾವ ಪಿಸ್ತೂಲೂ ರಿವಾಲ್ವರೂ ಸಾಮಾನ್ಯ ಪ್ರಜೆಗೆ ಇಲ್ಲ. ಯಾಕೆ ಈ ಅಳತೆಗಳೇ? ಇವೆಲ್ಲ ಸೇನೆ ಮತ್ತು ಪೊಲೀಸರು ಬಳಸಿದ ಗುಂಡುಗಳು. ಸೇನೆಯ ಉಗ್ರಾಣದಿಂದ ಒಂದು ಪೆಟ್ಟಿಗೆ ಗುಂಡು ಕಳುವಾದರೂ ಅದು ಊರಿನವರ ಬಂದೂಕಿಗೆ ಹೊಂದಬಾರದು ಅನ್ನೋ ಲೆಕ್ಕಾಚಾರ ಅದು. ಹಾಗಾಗಿ ನಮಗೆ ಉಳಿದದ್ದು ಪಾಯಿಂಟ್ 32, ಪಾಯಿಂಟ್ 22ರಂಥವು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ 'ನಿರ್ಭೀಕ್' ಅನ್ನೋ ರಿವಾಲ್ವರ್ ಬಿಟ್ಟಿತು. ಹೆಣ್ಣುಮಕ್ಕಳ ಪರ್ಸಿನಲ್ಲಿ ಹಿಡಿಸಲಿ ಅಂತ ತೂಕ 500 ಗ್ರಾಂ, ಬೆಲೆ ಸುಮಾರು 1.22 ಲಕ್ಷ ರೂಪಾಯಿ, ಬೋರ್ ಅದೇ ಪಾಯಿಂಟ್ 32.

ಸರಿ, ಪಾಯಿಂಟ್ 32 ತಗೊಂಡು ಅದನ್ನೇ ಮಾರ್ಪಾಡು ಮಾಡೋಣ ಅಂದ್ರೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕನ್ನು ತಯಾರಿಸೋದಕ್ಕಷ್ಟೇ ಅಲ್ಲ, ಮಾರ್ಪಡಿಸೋದಕ್ಕೆ, ರಿಪೇರಿ ಮಾಡೋದಕ್ಕೂ ಬೇರೆ ಪರವಾನಗಿ ಬೇಕು. 6ನೇ ಸೆಕ್ಷನ್: ನಳಿಗೆ ಮೊಟಕು ಮಾಡುವ ಹಾಗಿಲ್ಲ. ಆಟಿಕೆಯಂಥ ನಕಲಿಯನ್ನು ಅಸಲಿ ಮಾಡುವ ಹಾಗಿಲ್ಲ. 2019ರ ತಿದ್ದುಪಡಿ ಇನ್ನೊಂದು ಸೇರಿಸಿತು: ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವ ಹಾಗಿಲ್ಲ. ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಸದ್ದು ಅಡಗಿಸೋ ಸೈಲೆನ್ಸರ್ ಇದೆಯಲ್ಲ, ಅದನ್ನಂತೂ ಕಾನೂನು ಬಿಡಿಭಾಗ ಅಂತಲೇ ನೋಡೋದಿಲ್ಲ, ಅದೂ ಒಂದು ಬಂದೂಕೇ ಅಂತ ವ್ಯಾಖ್ಯಾನದಲ್ಲಿ ಬರೆದಿಟ್ಟಿದೆ. ಹುಡುಗರೇ, ಬುಲೆಟ್ ಬೈಕಿನ ಸೈಲೆನ್ಸರ್ ಬದಲಿಸಿದರೆ ಫೈನು. ಇಲ್ಲಿ ಜೈಲು.

ಇಷ್ಟು ಬಿಗಿ ಎಲ್ಲಿಂದ ಬಂತು? ಸರ್ಕಾರಕ್ಕೆ ಜನರ ಕೈಯಲ್ಲಿರೋ ಬಂದೂಕಿನ ಬಗ್ಗೆ ಇಷ್ಟು ಅಳುಕು ಯಾಕೆ? ಇತಿಹಾಸ ಶುರುವಾಗೋದು ನಮ್ಮ ಮನೆಯಂಗಳದಲ್ಲೇ.

1837ರ ಏಪ್ರಿಲ್. ಕೊಡಗನ್ನು ಕಂಪನಿ ಸರ್ಕಾರ ನುಂಗಿ ಮೂರು ವರ್ಷ ಆಗಿತ್ತು. ಅಮರ ಸುಳ್ಯದ ರೈತರು ಎದ್ದರು. ಕಲ್ಯಾಣಸ್ವಾಮಿ ಅನ್ನೋ ಹೆಸರು ಹೊತ್ತ ಪುಟ್ಟಬಸಪ್ಪ, ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಬಂಗರಸ. ಕೈಗೆ ಸಿಕ್ಕ ಕೋವಿ, ಕತ್ತಿ ಹಿಡಿದು ಪುತ್ತೂರು, ಪಾಣೆಮಂಗಳೂರು ದಾಟಿ ಮಂಗಳೂರಿಗೆ ನುಗ್ಗಿದರು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಸುಮಾರು 13 ದಿನ ಊರು ಅವರ ಕೈಯಲ್ಲಿತ್ತು. ಕಣ್ಣೂರು, ತಲಶ್ಶೇರಿ ಕಡೆಯಿಂದ ಪಡೆ ಬಂದ ಮೇಲೆ ಎಲ್ಲ ಮುಗಿಯಿತು. ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇವತ್ತು ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಉಂಟು. ಪಕ್ಕದಲ್ಲೇ ಬಸ್ಸು ಹಿಡಿಯುವ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು, ಈ ಊರು 1857ಕ್ಕಿಂತ 20 ವರ್ಷ ಮೊದಲೇ ಕಂಪನಿಯನ್ನು ಓಡಿಸಿತ್ತು ಅಂತ?

ಈಗ 20 ವರ್ಷ ಮುಂದೆ ಬನ್ನಿ. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದಾಗ ಕಂಪನಿ ನಿಶ್ಶಸ್ತ್ರೀಕರಣದ ಕಾನೂನು ತಂತು: ಎಲ್ಲರೂ ಆಯುಧ ತಂದೊಪ್ಪಿಸಿ, ಬೇಕಿದ್ದರೆ ಪರವಾನಗಿ ತಗೊಳ್ಳಿ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲಿಲ್ಲ. ಬೇಟೆಯೇ ಅವರ ಬದುಕು, ಆಯುಧವೇ ಅವರ ಮಾನ. 1857ರ ನವೆಂಬರ್ ಕೊನೆಗೆ ಕಂಪನಿ ಪಡೆ ಹಲಗಲಿಯನ್ನು ಸುತ್ತಿ ಬೆಂಕಿ ಇಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರ್‌ನಲ್ಲಿ ನೇಣಿಗೆ ಹಾಕಿದರು. ಹೈಸ್ಕೂಲಿನಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ಇದು ಗೊತ್ತು. ಆದ್ರೆ ಅದನ್ನು ಶೌರ್ಯದ ಪಾಠ ಅಂತ ಓದಿ ಮುಚ್ಚಿಟ್ಟಿದ್ದೇವೆ. ಅದು ಕಾನೂನಿನ ಪಾಠವೂ ಹೌದು. ನಮ್ಮ ಜೇಬಿನಲ್ಲಿರೋ ಬಂದೂಕಿನ ಪರವಾನಗಿ ಪುಸ್ತಕದ ಮೊದಲ ಪುಟ ಬರೆದದ್ದು ಹಲಗಲಿಯಂಥ ಊರುಗಳಲ್ಲಿ.

ಮೂರನೇ ಚಿತ್ರ ಘಟ್ಟದ ಮೇಲಿನದು. 1837ರ ದಂಗೆಯನ್ನು ಅಡಗಿಸೋಕೆ ನೆರವಾದ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿತ್ತು. 1857ರಲ್ಲೂ ಕೊಡಗು ಅಲುಗಲಿಲ್ಲ. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಘೋಷಣೆ ಹೊರಡಿಸಿದ: ಕೊಡವರಿಗೆ ನಿಶ್ಶಸ್ತ್ರೀಕರಣ ಕಾನೂನು ಅನ್ವಯಿಸೋದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ನೇ ಇವನು. ಆ ವಿನಾಯಿತಿ ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಪರವಾನಗಿ ಬೇಡ. ಕೊಡಗು ಬಿಟ್ಟು ಹೊರಗೆ ಹೋದರೆ ಒಂದು ರೈಫಲ್ಲಿಗೆ 100 ಗುಂಡು ಅನ್ನೋ ಥರದ ಮಿತಿ ಉಂಟು. 2019ರಲ್ಲಿ ಕೇಂದ್ರ ಇದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು.

ಇದನ್ನು ಯಾರನ್ನೂ ಹಂಗಿಸೋಕೆ ಹೇಳ್ತಿಲ್ಲ. ಸುಳ್ಯದ ದಂಗೆಯಲ್ಲಿ ಕೊಡಗಿನವರೂ ಇದ್ದರು, ಜನರಲ್ ತಿಮ್ಮಯ್ಯನವರನ್ನು, ಫೀಲ್ಡ್ ಮಾರ್ಷಲ್ ಕಾರಿಯಪ್ಪನವರನ್ನು ಕೊಟ್ಟ ಮಣ್ಣು ಅದು. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ಪೂಜೆಗಿಟ್ಟು, ನಳಿಗೆಯ ತುದಿಗೆ ತೋಕ್ ಪೂ ಸಿಗಿಸುತ್ತಾರೆ. ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಎಸಳಿನ ಹೂವು. ಅಮೆರಿಕದವನು ಪಿಸ್ತೂಲಿನ ಮೇಲೆ ಕೆತ್ತಿಸುವ ಅಲಂಕಾರಕ್ಕಿಂತ ಈ ಹೂವು ಒಂದು ಕೈ ಮೇಲೆ. ನಾನು ಹೇಳೋದು ಇಷ್ಟೇ: ಒಂದೇ ಬೆಟ್ಟಸಾಲಿನ ಮೇಲೆ ಕೆಳಗೆ ಬದುಕಿದ ಜನ. ಆಳುವವರ ನಂಬಿಕೆ ಗಳಿಸಿದ ಕಡೆ ಕೋವಿ ಹಕ್ಕಿನಂತೆ ಉಳಿಯಿತು. ಎದುರು ನಿಂತ ಕಡೆ ಕೋವಿ ಅಪರಾಧ ಆಯಿತು. ಬ್ರಿಟಿಷರ ಶಸ್ತ್ರ ಕಾನೂನಿನ ತಿರುಳು ಶಾಂತಿ ಸುವ್ಯವಸ್ಥೆ ಆಗಿರಲೇ ಇಲ್ಲ. ಯಾರು ನಮ್ಮವರು, ಯಾರು ಅಲ್ಲ ಅನ್ನೋದೇ ತಿರುಳು.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಇದಕ್ಕೆ ಪೂರ್ತಿ ಮುದ್ರೆ ಒತ್ತಿದ. ಆ ವರ್ಷದ ಶಸ್ತ್ರ ಕಾಯ್ದೆಯ ಅಡಿಯಲ್ಲಿ ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ಅಹಿಂಸೆಯ ಗಾಂಧೀಜಿಯೇ ಇದನ್ನು ಬ್ರಿಟಿಷರ ಅತಿ ಕರಾಳ ಕೃತ್ಯಗಳಲ್ಲಿ ಒಂದು ಅಂತ ಕರೆದರು ಅಂದ್ರೆ ಆ ಅವಮಾನ ಎಷ್ಟು ಆಳಕ್ಕೆ ಇಳಿದಿತ್ತು ಲೆಕ್ಕ ಹಾಕಿ. 1931ರ ಮಾರ್ಚ್, ಕರಾಚಿ ಕಾಂಗ್ರೆಸ್ ಅಧಿವೇಶನ, ಅಧ್ಯಕ್ಷರು ಸರ್ದಾರ್ ಪಟೇಲ್. ಮೂಲಭೂತ ಹಕ್ಕುಗಳ ನಿರ್ಣಯ ಬಂತು. ವಾಕ್ ಸ್ವಾತಂತ್ರ್ಯ, ಸಂಘಟನೆಯ ಸ್ವಾತಂತ್ರ್ಯದ ಜೊತೆಗೆ ಅದರಲ್ಲಿ ಇನ್ನೊಂದು ಸಾಲಿತ್ತು: ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಪ್ರತಿ ಪ್ರಜೆಗೂ ಇದೆ.

ಈಗ ನಮ್ಮ ಮಂಗಳೂರಿಗ ಬರ್ತಾರೆ. ಹರಿ ವಿಷ್ಣು ಕಾಮತ್. 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಪಾಸಾಗಿ ಮಧ್ಯಪ್ರಾಂತದಲ್ಲಿ ಅಧಿಕಾರಿ ಆದರು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ನೌಕರಿ ಇರಲಿಲ್ಲ. 1938ರಲ್ಲಿ ಅದನ್ನು ಬಿಸಾಡಿ ಸುಭಾಷ್ ಚಂದ್ರ ಬೋಸರ ಹಿಂದೆ ಹೋದರು, ಫಾರ್ವರ್ಡ್ ಬ್ಲಾಕ್ ಕಟ್ಟಿದರು, ಜೈಲು ಕಂಡರು. ಮುಂದೆ ಸಂವಿಧಾನ ಸಭೆಯ ಸದಸ್ಯ. ಹೋಶಂಗಾಬಾದಿನಿಂದ ಲೋಕಸಭೆಗೂ ಗೆದ್ದರು. ಸಭೆಯಲ್ಲಿ ಎದ್ದು ಪ್ರಶ್ನೆ ಕೇಳೋದರಲ್ಲಿ ಅವರಿಗೆ ದಣಿವೇ ಇರಲಿಲ್ಲ.

1948ರ ಡಿಸೆಂಬರ್ ಮೊದಲ ವಾರ. ಇವತ್ತು ನಾವು 19ನೇ ವಿಧಿ ಅನ್ನುವ ಸ್ವಾತಂತ್ರ್ಯಗಳ ಪಟ್ಟಿಯ ಚರ್ಚೆ. ಕಾಮತ್ ಒಂದು ತಿದ್ದುಪಡಿ ತಂದರು: ಕಾನೂನಿನ ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ, ಧರಿಸುವ ಹಕ್ಕನ್ನೂ ಸೇರಿಸಿ. ಅವರ ವಾದ ನೇರ. ಕರಾಚಿಯಲ್ಲಿ ನಾವೇ ಮಾಡಿದ ನಿರ್ಣಯ ಇದು. ಪರರ ಆಳ್ವಿಕೆಯಲ್ಲಿ ಕೇಳಿದ್ದನ್ನು ನಮ್ಮದೇ ಆಳ್ವಿಕೆಯಲ್ಲಿ ಯಾಕೆ ಮರೀತೀರಿ?

ಉತ್ತರ ಕೊಟ್ಟವರು ಡಾ. ಅಂಬೇಡ್ಕರ್. ಕಾಂಗ್ರೆಸ್ ಈ ಬೇಡಿಕೆ ಇಟ್ಟಿತ್ತು ಅನ್ನೋದನ್ನು ಅವರು ಅಲ್ಲಗಳೆಯಲಿಲ್ಲ. ಅದು ಇತಿಹಾಸ ಅಂತ ಒಪ್ಪಿಕೊಂಡರು. ಆದರೆ ಅಂದಿನ ಪರಿಸ್ಥಿತಿ ಈಗಿಲ್ಲ ಅಂದರು. ಗುಲಾಮ ಪ್ರಜೆ ತಿರುಗಿ ಬೀಳಬಾರದು ಅಂತ ಬ್ರಿಟಿಷರು ಆಯುಧ ಕಿತ್ತುಕೊಂಡಿದ್ದರು, ಆ ಸರ್ಕಾರವೇ ಈಗ ಇಲ್ಲ. ಪ್ರತಿಯೊಬ್ಬನೂ ಮಾರುಕಟ್ಟೆಗೆ ಹೋಗಿ ತನಗೆ ಬೇಕಾದ ಆಯುಧವನ್ನು ಅಡ್ಡಿಯಿಲ್ಲದೆ ಕೊಳ್ಳಬಹುದು ಅಂತಾದರೆ ಸರ್ಕಾರ ಆಡಳಿತ ನಡೆಸೋದು ಹೇಗೆ ಅಂತ ಕೇಳಿದರು. ತಿದ್ದುಪಡಿ ಬಿದ್ದುಹೋಯಿತು.

ಇಬ್ಬರಲ್ಲಿ ಯಾರು ಸರಿ? ನನ್ನ ಮಟ್ಟಿಗೆ ಅಂಬೇಡ್ಕರ್ ಸರಿ. ದೇಶ ವಿಭಜನೆಯ ರಕ್ತ ಇನ್ನೂ ಒಣಗಿರಲಿಲ್ಲ. ಗಾಂಧೀಜಿಯನ್ನು ಪಿಸ್ತೂಲಿನಿಂದ ಕೊಂದು ವರ್ಷವೂ ಆಗಿರಲಿಲ್ಲ. ಬಂದೂಕನ್ನು ಹಕ್ಕು ಅಂತ ಬರೆದುಕೊಂಡ ಅಮೆರಿಕದಲ್ಲಿ ಶಾಲೆ ಮಕ್ಕಳಿಗೆ ಗುಂಡಿನ ದಾಳಿಯಾದಾಗ ಎಲ್ಲಿ ಅಡಗಬೇಕು ಅನ್ನೋ ಡ್ರಿಲ್ ಮಾಡಿಸುತ್ತಾರೆ. ಕೋಮು ಗಲಾಟೆಗೆ 144 ಸೆಕ್ಷನ್ ಹಾಕಿಸಿಕೊಂಡು ಅಭ್ಯಾಸ ಇರೋ ನಮ್ಮ ಮಂಗಳೂರಿನಲ್ಲಿ ಮನೆಮನೆಗೆ ಒಂದು ಪಾಯಿಂಟ್ 45 ಇದ್ದಿದ್ದರೆ ಏನಾಗ್ತಿತ್ತು, ನೀವೇ ಹೇಳಿ. ಹುಡುಗರೇ, ಆ ವಿಡಿಯೊ ನೋಡಿ, ಯಂತ್ರದ ಚಂದ ನೋಡಿ ಖುಷಿಪಡಿ. ಅದು ಅಲ್ಲೇ ಇರಲಿ.

ಆದರೆ ಮಾತು ಇಲ್ಲಿಗೆ ಮುಗಿಯೋದಿಲ್ಲ. ಹಕ್ಕು ಬೇಡ, ಅನುಮತಿ ಸಾಕು ಅಂತ ಒಪ್ಪಿದೆವು. ಆ ಅನುಮತಿಯನ್ನು ಸರ್ಕಾರ ಹೇಗೆ ನಡೆಸ್ತಾ ಇದೆ?

1959ರ ಕಾಯ್ದೆ ನಿಜಕ್ಕೂ ವಿವೇಕದ ಕಾನೂನು. 13ನೇ ಸೆಕ್ಷನ್ ಓದಿ. ಪಿಸ್ತೂಲು, ರಿವಾಲ್ವರ್ ಬೇಕು ಅಂದವನು ಸಕಾರಣ ತೋರಿಸಬೇಕು. ಆದರೆ ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಕೋವಿ ಕೇಳಿದವನಿಗೆ, ಬೆಳೆ ರಕ್ಷಣೆಗೆ ಮದ್ದು ತುಂಬುವ ಕೋವಿ ಕೇಳಿದ ರೈತನಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ ಪರವಾನಗಿ ಕೊಡತಕ್ಕದ್ದು ಅಂತಿದೆ. ಸೊಂಟದಲ್ಲಿ ಅಡಗಿಸೋ ಪಿಸ್ತೂಲು ಬೇರೆ, ತೋಟ ಕಾಯೋ ಕೋವಿ ಬೇರೆ ಅಂತ ಶಾಸನ ಬರೆದವರಿಗೆ ಗೊತ್ತಿತ್ತು. ಅಂಬೇಡ್ಕರ್ ಕೇಳಿದ ಪ್ರಶ್ನೆಗೂ ಕಾಮತ್ ಕೇಳಿದ ಪ್ರಶ್ನೆಗೂ ಅದರಲ್ಲಿ ಅರ್ಧರ್ಧ ಉತ್ತರ ಉಂಟು.

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಹೋಗಿ ನೋಡಿ. ಕಾಡಂಚಿನ ಅಡಿಕೆ ತೋಟಗಳು. ರಾತ್ರಿ ಹಂದಿ, ಹಗಲು ಮಂಗ, ಕೆಲವು ಕಡೆ ಆನೆ. ಕೃಷಿಕ ಕೋವಿ ಇಟ್ಟುಕೊಳ್ಳೋದು ಯಾರನ್ನೋ ಕೊಲ್ಲೋಕಲ್ಲ. ಒಂದು ಈಡು ಹಾರಿಸಿದ್ರೆ ಸದ್ದಿಗೆ ಹಿಂಡು ಓಡುತ್ತೆ. ತುಳುವಿನಲ್ಲಿ ಕೋವಿಗೂ ಪಟಾಕಿಗೂ ಇರೋದು ಒಂದೇ ಮಾತು: ಬೆಡಿ. ತೋಟದವನಿಗೆ ಕೋವಿ ಅಂದ್ರೆ ಹೆಚ್ಚಾಗಿ ಅಷ್ಟೇ, ಸದ್ದು.

ಚುನಾವಣೆ ಘೋಷಣೆ ಆಯ್ತು ಅಂದ ಕೂಡಲೇ ಆದೇಶ ಬರುತ್ತೆ: ಪರವಾನಗಿ ಇರೋ ಕೋವಿಗಳನ್ನೆಲ್ಲ ಠಾಣೆಗೆ ತಂದು ಠೇವಣಿ ಇಡಿ. 2024ರ ಲೋಕಸಭೆ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಗಿ ಜೂನ್ 6ಕ್ಕೆ ಮುಗಿಯಿತು. 80 ದಿನಕ್ಕೂ ಹೆಚ್ಚು. ದಕ್ಷಿಣ ಕನ್ನಡದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು, ನೆನಪಿರಲಿ. ಲೋಕಸಭೆ, ವಿಧಾನಸಭೆ, ಪಂಚಾಯ್ತಿ, ಒಂದರ ಹಿಂದೆ ಒಂದು. ಹಂದಿಗಳಿಗೆ ನೀತಿಸಂಹಿತೆ ಅನ್ವಯ ಆಗೋದಿಲ್ಲ, ಮಾರಾಯ್ರೆ. ಏಪ್ರಿಲ್‌ನಲ್ಲಿ ಪುತ್ತೂರು ಜಾತ್ರೆಯ ಬೆಡಿ ಇಡೀ ಪೇಟೆ ನಡುಗುವ ಹಾಗೆ ಸಿಡಿಯುತ್ತೆ. ಅದೇ ತಾಲೂಕಿನ ಕೃಷಿಕನ ಬೆಡಿ ಠಾಣೆಯ ಕೋಣೆಯಲ್ಲಿ ತುಕ್ಕು ಹಿಡೀತಾ ಇರುತ್ತೆ.

ಚುನಾವಣಾ ಆಯೋಗ ಹೀಗೇ ಮಾಡಿ ಅಂದಿದೆಯಾ? ಇಲ್ಲ. ಆಯೋಗದ ಸೂಚನೆ ಹೇಳೋದು, ಜಿಲ್ಲೆಯಲ್ಲಿ ಒಂದು ಪರಿಶೀಲನಾ ಸಮಿತಿ ಇರಬೇಕು, ಅದು ಪರವಾನಗಿದಾರರನ್ನು ಪರಿಶೀಲಿಸಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಹೊತ್ತಿನ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಬಂದೂಕು ತಗೊಳ್ಳಿ. ಅಂದ್ರೆ ಆಯ್ದು ನೋಡಿ ಅಂತ. ಆಯ್ದು ನೋಡೋದು ಶ್ರಮದ ಕೆಲಸ, ಎಲ್ಲರಿಂದ ಕಿತ್ತುಕೊಳ್ಳೋದು ಸುಲಭದ ಕೆಲಸ. ಹಾಗಾಗಿ ಕೃಷಿಕರು ಪ್ರತಿ ಸಲ ಮನವಿ ಹಿಡಿದು ಅಲೆಯಬೇಕು, ಕೆಲವರು ಹೈಕೋರ್ಟಿನ ಬಾಗಿಲನ್ನೂ ತಟ್ಟಬೇಕು. ಇತ್ತ ದೇಶದಲ್ಲಿ ಪೊಲೀಸರು ವಶಪಡಿಸಿಕೊಳ್ಳುವ ಬಂದೂಕುಗಳಲ್ಲಿ ಬಹುಪಾಲು ಪರವಾನಗಿಯೇ ಇಲ್ಲದ ನಾಡ ಪಿಸ್ತೂಲುಗಳು. ಆ ಪಿಸ್ತೂಲಿನವನು ಠಾಣೆಗೆ ತಂದು ಠೇವಣಿ ಇಡ್ತಾನಾ? ರಿಜಿಸ್ಟರಿನಲ್ಲಿ ಹೆಸರು ಬರೆಸಿದವನೇ ಕೊನೆಗೆ ಸಾಲಿನಲ್ಲಿ ನಿಲ್ಲೋದು.

ಇಲ್ಲೇ ನೋಡಿ 1857 ನುಸುಳೋದು. ಯಾರು ಅಪಾಯ, ಯಾರು ಅಲ್ಲ ಅಂತ ಕೂತು ನೋಡದೆ, ಊರಿಗೆ ಊರೇ ಆಯುಧ ತಂದಿಡಿ ಅನ್ನೋದು ಹಲಗಲಿಗೆ ಹೊರಡಿಸಿದ ಆದೇಶದ ಧಾಟಿ. ಪ್ರಜೆಯನ್ನು ನಂಬದ ಸರ್ಕಾರದ ಧಾಟಿ ಅದು. ಬ್ರಿಟಿಷರು ಹೋದರು ಅನ್ನೋದೇ ಅಂಬೇಡ್ಕರ್ ಅವರ ವಾದದ ಬುನಾದಿ ಆಗಿತ್ತು. ನಮ್ಮದೇ ಸರ್ಕಾರ ಇದೆ, ಅದು ವಿವೇಚನೆಯಿಂದ ನಿಯಂತ್ರಿಸುತ್ತೆ, ಹಾಗಾಗಿ ಹಕ್ಕು ಬೇಡ. ವಿವೇಚನೆ ಬಿಟ್ಟು ನಿಯಂತ್ರಣ ಮಾತ್ರ ಉಳಿದರೆ ಆ ವಾದಕ್ಕೆ ನಾವೇ ಮೋಸ ಮಾಡಿದ ಹಾಗೆ.

ಪರಿಹಾರಕ್ಕೆ ಹೊಸ ಕಾನೂನು ಬೇಡ. ಡಿಸಿ ಸಾಹೇಬರೇ, ಕಮಿಷನರ್ ಸಾಹೇಬರೇ, ಪರಿಶೀಲನಾ ಸಮಿತಿಯನ್ನು ಚುನಾವಣೆ ಬಂದ ಮೇಲಲ್ಲ, ಮೊದಲೇ ಕೂರಿಸಿ. ಒಬ್ಬನ ಕೋವಿ ತಗೋಬೇಕು ಅಂತಿದ್ದರೆ ಅವನ ಹೆಸರಿನ ಮುಂದೆ ಎರಡು ಸಾಲು ಕಾರಣ ಬರೆಯಿರಿ. ಕಾರಣ ಸಿಗದಿದ್ದರೆ ಕೋವಿ ಅವನ ತೋಟದಲ್ಲೇ ಇರಲಿ. ಮತದಾನ ಮುಗಿದ ಜಿಲ್ಲೆಯಲ್ಲಿ ಇನ್ನೊಂದು ರಾಜ್ಯದ ಮತದಾನ ಮುಗಿಯೋವರೆಗೆ ಕಾಯಿಸಬೇಡಿ.

1948ರಲ್ಲಿ ಮಂಗಳೂರಿನ ಮಗನೊಬ್ಬ ಹಕ್ಕು ಕೇಳಿದ್ದ, ಸಿಗಲಿಲ್ಲ. ಸಿಗದೇ ಇದ್ದದ್ದು ಒಳ್ಳೇದೇ ಆಯ್ತು. ಇವತ್ತು ಸುಳ್ಯದ ಕೃಷಿಕ ಕೇಳ್ತಿರೋದು ಅಷ್ಟು ದೊಡ್ಡದಲ್ಲ. ಅವನ ಕೋವಿಯನ್ನು ಯಾಕೆ ತಗೊಳ್ತೀರಿ ಅಂತ ಕಾರಣ ಕೇಳ್ತಿದ್ದಾನೆ. ಅದನ್ನು ಕೊಡೋಕೆ ಏನು ತೊಂದರೆ?